ಗುರುವಾರದ ಫಾರಂ

ಗುರುವಾರ ಮೂರೂಕಾಲಿಗೆ
ಬಸ್ಸನ್ನು ಇನ್ನೊಬ್ಬರ ಕೈಗೊಪ್ಪಿಸಿ
ಯೂನಿಫಾರಮ್ಮಿನಲ್ಲೇ ಬರುತ್ತೇನೆ, ಮಗಳನ್ನು ಕರೆದುಕೊಂಡು.
ಡಂಡೀ: ಒಂದು ಕಾಲಕ್ಕೆ ಲೋಕಕ್ಕೆಲ್ಲ ಗೋಣಿ ನೇಯ್ದ ಊರು.
ಗಿರಣಿಯ ಒಂದು ಮೂಲೆ ಈಗ ಕ್ಲಿನಿಕ್ಕು.
ಹನ್ನೊಂದು ತಿಂಗಳು ಸರತಿಯಲ್ಲಿದ್ದು ಸಿಕ್ಕ ಕುರ್ಚಿ,
ಯಾರೋ ಅರ್ಧಕ್ಕೆ ಬಿಟ್ಟ ಜಿಗ್ಸಾ:
ಕುದುರೆ ಪೂರ್ತಿ ಆಗಿದೆ, ಬೇಲಿ ಆಗಿದೆ,
ಆಕಾಶಕ್ಕೆ ಯಾರೂ ಕೈ ಹಾಕಿಲ್ಲ.

ಮೇದಿನಿಗೆ ಹದಿನಾರು.
ಹೋದ ವರ್ಷ ಫೆಬ್ರವರಿಯಲ್ಲಿ ಮಲಗಿದವಳು ಏಳಲಿಲ್ಲ.
ಮೈಗಳ್ಳತನ ಅಂದೆ ನಾನು.
ಆಮೇಲೆ ಫೋನಿನ ಚಟ ಅಂದೆ, ಕಸಿದುಕೊಳ್ಳಹೋದೆ.
ಅವಳು ಕೊಟ್ಟಳು. ಕೈಚಾಚಿ, ಸುಮ್ಮನೆ, ಕೊಟ್ಟುಬಿಟ್ಟಳು.
ಆಗಲೇ ನನಗೆ ಗೊತ್ತಾಗಬೇಕಿತ್ತು.

ನನ್ನವಳು ಉಪ್ಪು ಮೆಣಸಿನಕಾಯಿ ನಿವಾಳಿಸಿ
ಬಾಣಲೆಗೆ ಹಾಕಿದಳು. ಘಾಟು ಬಂತು,
ಅಂದರೆ ದೃಷ್ಟಿ ತಾಗಿರಲಿಲ್ಲ;
ಹೊಗೆಯ ಅಲಾರಂ ಬೀದಿಗೆಲ್ಲ ಕೇಳುವಂತೆ ಬಡಕೊಂಡಿತು.
ಮೇದಿನಿ ಕೆಳಗಿಳಿದು ಬಂದು, ಸ್ಟೂಲು ಹತ್ತಿ,
ಅದರ ಬಾಯಿ ಮುಚ್ಚಿಸಿ, ಮತ್ತೆ ಮೇಲೆ ಹೋದಳು.
ಆ ವಾರ ನಾವು ಅವಳ ಮುಖ ನೋಡಿದ್ದು ಅದೊಂದೇ ಸಲ.

ಈಗ ರಾತ್ರಿಗೊಂದು ಮಾತ್ರೆ,
ವಾರಕ್ಕೊಮ್ಮೆ ಮೋರಾಗ್ ಜತೆ ಐವತ್ತು ನಿಮಿಷ.
ಮೊದಲ ಎರಡು ವಾರ ಹೆಚ್ಚು ಕಷ್ಟ, ಕಣ್ಣಿಟ್ಟಿರಿ ಅಂದಿದ್ದರು ಡಾಕ್ಟರು;
ಮೆಟ್ಟಿಲ ಮೇಲೆ ಕೂತು, ಪಾಳಿ ಹಾಕಿಕೊಂಡು, ಕಾದೆವು.
ಮಾತ್ರೆ ನಗು ತರಲಿಲ್ಲ. ಹಸಿವು ತಂದಿತು.
ಒಂದು ರಾತ್ರಿ ತಾನಾಗಿ ಇನ್ನೊಂದು ರೊಟ್ಟಿ ಕೇಳಿದಾಗ
ಬಡಿಯುತ್ತಿದ್ದ ಕೈ ನಿಂತುಹೋಗಿ
ನನ್ನವಳು ಎಷ್ಟೋ ಹೊತ್ತು ಸಿಂಕಿನ ಕಡೆ ಮುಖ ಮಾಡಿದ್ದಳು.

ಒಳಗೆ ಹೋಗುವ ಮುಂಚೆ ಪ್ರತಿ ಸಲ ಒಂದು ಫಾರಂ.
ಕಳೆದ ಎರಡು ವಾರದಲ್ಲಿ ಎಷ್ಟು ದಿನ ನಿದ್ದೆ ಬರಲಿಲ್ಲ,
ಎಷ್ಟು ದಿನ ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ,
ಸೊನ್ನೆ, ಒಂದು, ಎರಡು, ಮೂರು.
ಇವತ್ತು ಎರಡು ಹಾಳೆ ಅಂಟಿಕೊಂಡು ಬಂದವು.
'ನೀನೊಂದು ತುಂಬು ಅಪ್ಪಾ, ಸುಮ್ನ ಕೂಡೋದಕ್ಕಿಂತ.'
ಪೆನ್ಸಿಲ್ಲು ತಗೊಂಡೆ, ತಮಾಷೆಗೆ.

ನಿದ್ದೆ: ಮೂರು. (ಬೆಳಗಿನ ಪಾಳಿ, ಅದಕ್ಕೇ.)
ದಣಿವು: ಮೂರು. (ಐವತ್ತೊಂದಾಯಿತಲ್ಲ.)
ಮನಸ್ಸು: ಎರಡು. ಇಲ್ಲ, ಮೂರು.
ನಾನೊಂದು ದಂಡಪಿಂಡ ಅನ್ನಿಸಿದ್ದು ಎಷ್ಟು ದಿನ?
ಕಿಟಕಿಯಾಚೆ ನೋಡಿದೆ. ಕಡಲಹಕ್ಕಿಯೊಂದು
ಚಿಪ್ಸಿನ ಪೊಟ್ಟಣಕ್ಕೆ ಕುತ್ತಿಗೆವರೆಗೂ ತಲೆ ತೂರಿಸಿ
ಹಿಂದೆ ಹಿಂದೆ ನಡೆಯುತ್ತಿತ್ತು.
ಬರೆದೆ.

ಪಾಳಿ ಮುಗಿದ ಮೇಲೆ ಚಿಲ್ಲರೆ ಎಣಿಸುವ ಹಾಗೆ ಕೂಡಿಸಿದೆ.
ನನ್ನದು ಹದಿನೇಳು. ಅವಳದು, ಓರೆಗಣ್ಣಿಗೆ ಕಂಡಿತು, ಹನ್ನೆರಡು.
ಅವಳೂ ನೋಡಿದಳು.
'ಅಪ್ಪಾ, ಇದು ಪರೀಕ್ಷೆ ಅಲ್ಲ. ಫಸ್ಟ್ ಬರಬೇಕಂತಿಲ್ಲ.'
ನಗಲಿಲ್ಲ, ಹೇಳುವಾಗ. ಒಳಗಿಂದ ಹೆಸರು ಕರೆದರೂ ಏಳಲಿಲ್ಲ.

ಗದಗಿನ ನಮ್ಮ ಓಣಿಯಲ್ಲಿ ಒಬ್ಬರಿದ್ದರು,
ಗೋಡೆ ಕಡೆ ಮುಖ ಮಾಡಿ ಮಲಗಿದರು, ಎರಡು ವರ್ಷ.
ನಾವು ಹುಡುಗರು ಅವರಿಗಿಟ್ಟ ಹೆಸರು
ಈಗಲೂ ನಾಲಗೆ ತುದಿಯಲ್ಲಿದೆ; ಇಲ್ಲಿ ಹೇಳಲಾರೆ.
ನಮ್ಮಪ್ಪ ಅಡತಿಯಲ್ಲಿ ಹಮಾಲಿ. ನೂರು ಕಿಲೋ ಗೋಣಿ ಹೊರುತ್ತಿದ್ದ,
ಆದರೆ ತಾನೊಬ್ಬನೇ ಎತ್ತಿಕೊಳ್ಳುತ್ತಿರಲಿಲ್ಲ ಯಾವತ್ತೂ.
'ಬಾರೋ, ಒಂದು ಕೈ ಹಚ್ಚು' ಅಂತ ಕೂಗಿ
ಯಾರಾದರೂ ಬರುವ ತನಕ ಬಗ್ಗಿಯೇ ನಿಂತಿರುತ್ತಿದ್ದ.

ಶುಕ್ರವಾರ, ಬೆಳಿಗ್ಗೆ ಎಂಟು. ಡಾಕ್ಟರರ ಫೋನು ತೆರೆಯುವುದೇ ಎಂಟಕ್ಕೆ.
ನೀವು ಸರತಿಯಲ್ಲಿ ಒಂಬತ್ತನೆಯವರು, ಅನ್ನುತ್ತದೆ ಯಂತ್ರ; ಆಮೇಲೆ ಪಿಟೀಲು.
ಹಾಳೆ ನಾಲ್ಕು ಮಡಿಕೆಯಾಗಿ ಅಂಗಿ ಜೇಬಿನಲ್ಲಿದೆ.
ಸಾಲು ಉದ್ದ ಇದೆ, ನಾಳೆ ಮಾಡಿದರಾಯಿತು.
ನಾಳೆ ಶನಿವಾರ, ಅನ್ನುತ್ತಾಳೆ ಮೇದಿನಿ,
ಬಾಯಿತುಂಬ ಟೋಸ್ಟು, ಒಂದು ಕಾಲಿಗೆ ಮಾತ್ರ ಸಾಕ್ಸು.
ಎಂಟನೆಯವರು. ಏಳನೆಯವರು.
'ಇಡಬ್ಯಾಡ' ಅನ್ನುತ್ತಾಳೆ, 'ಫೋನು ಇಡಬ್ಯಾಡಪ್ಪಾ.'